ಒಂಚೂರೂ ಅಲ್ಲಾಡದ ಕೈಗೂ ಕನ್ನಡಿ ಇದೆ

ಸ್ಟ್ರೋಕ್ ಆಗಿ ಮನೆಗೆ ಬಂದ ಎಷ್ಟೋ ಜನ ಗೋಡೆ ಹಿಡ್ಕೊಂಡು ಬಚ್ಚಲಿಗೆ ಹೋಗೋಷ್ಟು ಆಗ್ತಾರೆ, ಆದ್ರೆ ಕೈ ಮಾತ್ರ ಹಾಗೇ ತೊಡೆ ಮೇಲೆ ಬಿದ್ದಿರುತ್ತೆ. ಮನೆಯವ್ರು ಮೊದ್ಲು ಆಸೆ ಬಿಡೋದೂ ಆ ಕೈ ಮೇಲೇನೇ. ಫಿಸಿಯೋಥೆರಪಿಸ್ಟ್ ಆಗಿ ನನ್ಗೆ ಇದು ಸಂಕಟದ ವಿಷ್ಯ, ಯಾಕಂದ್ರೆ ಬೆರಳೂ ಅಲ್ಲಾಡದ ಕೈಗೂ ಶುರು ಮಾಡಬಹುದಾದ ಚಿಕಿತ್ಸೆ ಒಂದಿದೆ, ಮಿರರ್ ಥೆರಪಿ.

ಟೇಬಲ್ ಮೇಲೆ ಕನ್ನಡಿನ ಎದೆ ನೇರಕ್ಕೆ, ಎರಡು ಕೈಗಳ ನಡುವೆ ಅಡ್ಡಗೋಡೆ ತರ ನಿಲ್ಲಿಸ್ಬೇಕು, ಬಿಂಬ ಕಾಣೋ ಮುಖ ಸರಿ ಇರೋ ಕೈ ಕಡೆಗೆ, ಸೋತ ಕೈ ಅದ್ರ ಹಿಂದೆ ದಿಂಬಿನ ಮೇಲೆ. ಶೇವಿಂಗ್ ಕನ್ನಡಿ ಸಾಲಲ್ಲ, ಮೊಣಕೈವರೆಗೂ ಕಾಣ್ಬೇಕು. ಬಳೆ, ವಾಚು, ಉಂಗುರ ತೆಗೀರಿ, ಬಳೆ ತೆಗೆಯೋಕೆ ಮನಸ್ಸಿಲ್ಲ ಅಂದ್ರೆ ಎರಡೂ ಕೈಗೆ ಒಂದೇ ತರದ್ದು ಹಾಕಿ, ಇಲ್ಲಾಂದ್ರೆ ಬಿಂಬ ತನ್ನದೇ ಇನ್ನೊಂದು ಕೈ ಅಂತ ಮೆದುಳು ಒಪ್ಪಲ್ಲ. ಆಮೇಲೆ ಬಿಂಬವನ್ನೇ ನೋಡ್ತಾ ಸರಿ ಇರೋ ಕೈಲಿ ನಿಧಾನಕ್ಕೆ ಮುಷ್ಟಿ ಬಿಚ್ಚೋದು, ಅಂಗೈ ತಿರುಗಿಸೋದು, ಹೆಬ್ಬೆರಳನ್ನ ಒಂದೊಂದು ಬೆರಳಿಗೂ ಮುಟ್ಟಿಸೋದು, ಹಿಂದಿರೋ ಕೈಲೂ ಅದನ್ನೇ ಮಾಡೋಕೆ ಪ್ರಯತ್ನ ಪಡ್ಬೇಕು. ನಮ್ಮ ಕಡೆ ತೋಟದ ಕೆಲ್ಸ ಮಾಡಿದವ್ರಿಗೆ ನಾನು ತಟ್ಟೇಲಿ ಕಾಫಿ ಬೀಜ ಹಾಕಿ ಒಂದೊಂದೇ ಎತ್ತಿ ಬಟ್ಟಲಿಗೆ ಹಾಕಿಸ್ತೀನಿ, ಬೆರಳಿಗೆ ಅಭ್ಯಾಸ ಇರೋ ಕೆಲ್ಸ ಆದ್ರೆ ಗಮನ ಬಿಂಬದ ಮೇಲೇ ನಿಲ್ಲುತ್ತೆ.

ಸೋತ ಕೈ ಆಡ್ತಿದೆ ಅಂತ ಕಣ್ಣು ಕಂಡಾಗ ಮೆದುಳಿನ ಚಲನೆಯ ಭಾಗಗಳೂ ಚುರುಕಾಗ್ತವೆ. ಕೈ ಕಳ್ಕೊಂಡವ್ರಿಗೆ ಇಲ್ಲದ ಕೈಯಲ್ಲೇ ಕಾಡೋ ನೋವಿಗೆ 1990ರ ದಶಕದಲ್ಲಿ ಮೆದುಳು ವಿಜ್ಞಾನಿ ವಿ.ಎಸ್. ರಾಮಚಂದ್ರನ್ ಈ ಕನ್ನಡಿ ಬಳಸಿದ್ರು, 1999ರಲ್ಲಿ ಸ್ಟ್ರೋಕ್ ಆದವ್ರ ಮೇಲಿನ ಪುಟ್ಟ ಪ್ರಯೋಗ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಚಿಕಿತ್ಸೆಗಳ ಮೇಲಿನ ಅಧ್ಯಯನಗಳನ್ನ ಒಟ್ಟುಗೂಡಿಸಿ ತೂಗೋ ಕಾಕ್ರೇನ್ ಸಂಸ್ಥೆಯ 2018ರ ವಿಮರ್ಶೆ 62 ಅಧ್ಯಯನಗಳನ್ನ ಒಟ್ಟಿಗೆ ನೋಡಿ, ಚಲನೆಗೂ ದಿನನಿತ್ಯದ ಕೆಲ್ಸಕ್ಕೂ ಇದ್ರಿಂದ ಅನುಕೂಲ ಇದೆ ಅಂತ ಹೇಳಿದೆ. ಆದ್ರೆ ಮಾಮೂಲಿ ವ್ಯಾಯಾಮದ ಜೊತೆಗೆ ಮಾಡಿ, ಅದನ್ನ ಬಿಟ್ಟಲ್ಲ.

ಕೊಡಗಿನ ಮಳೆಗಾಲದಲ್ಲಿ ಭಾಗಮಂಡಲ ಕಡೆಯಿಂದ ಮಡಿಕೇರಿಗೆ ದಿನಾ ರೋಗೀನ ಕರ್ಕೊಂಡು ಬನ್ನಿ ಅಂತ ನಾನು ಹೇಗೆ ಹೇಳ್ಲಿ? ಥೆರಪಿಸ್ಟ್ ಹತ್ರ ಒಮ್ಮೆ ಸರಿಯಾಗಿ ಕಲ್ತು ಮನೇಲೇ ದಿನಕ್ಕೆ ಅರ್ಧ ಗಂಟೆ, ಸುಸ್ತಾದ್ರೆ ಎರಡು ಸಲ ಕಾಲು ಗಂಟೆ, ವಾರಕ್ಕೆ ಐದು ದಿನ, ಒಂದು ತಿಂಗಳಾದ್ರೂ ಬಿಡದೆ ಮಾಡ್ಸಿ. ಟಿವಿ ಆಫ್ ಇರ್ಲಿ. ಕೆಲವರಿಗೆ ತಲೆ ಸುತ್ತುತ್ತೆ, ವಾಕರಿಕೆ ಬರುತ್ತೆ, ಆಗ ಕನ್ನಡಿಯಿಂದ ಕಣ್ಣು ತೆಗ್ಸಿ ರೆಸ್ಟ್ ಕೊಡಿ. ಎಬ್ಬಿಸೋವಾಗ ಸೋತ ಕೈ ಹಿಡಿದು ಮಾತ್ರ ಎಳೀಬೇಡಿ, ಭುಜ ನೋವು ಶುರುವಾದ್ರೆ ಯಾವ ವ್ಯಾಯಾಮಕ್ಕೂ ರೋಗಿ ಒಪ್ಪಲ್ಲ.