ಮಾರ್ಪಾಡು: ಕಾರು ವಿಮೆಯಲ್ಲಿ ಈ ಪದದ ಅರ್ಥ ಎಲ್ಲಿಯವರೆಗೆ?

ಏರ್ಪಡು ಎಂಬುದರಿಂದ ಏರ್ಪಾಡು ಬಂದ ಹಾಗೆ ಮಾರ್ಪಡು ಎಂಬುದರಿಂದ ಮಾರ್ಪಾಡು ಬಂದಿದೆ. ದಿನಬಳಕೆಯಲ್ಲಿ ಇದು ಸಾಧುವಾದ ಪದ. ಬರಹದ ಕರಡು ಪ್ರತಿಗೆ ಮಾರ್ಪಾಡು ಮಾಡುತ್ತೇವೆ, ವೇಳಾಪಟ್ಟಿಗೆ ಮಾರ್ಪಾಡು ಮಾಡುತ್ತೇವೆ, ಯಾರಿಗೂ ನಷ್ಟವಿಲ್ಲ. ಆದರೆ ಕಾರು ವಿಮೆಯ ಅರ್ಜಿಯಲ್ಲಿ ‘ವಾಹನಕ್ಕೆ ಯಾವುದಾದರೂ ಮಾರ್ಪಾಡು ಮಾಡಿಸಲಾಗಿದೆಯೇ?’ ಎಂಬ ಪ್ರಶ್ನೆ ಎದುರಾದಾಗ ಅದೇ ಪದಕ್ಕೆ ಬೇರೆಯೇ ತೂಕ ಬರುತ್ತದೆ. ‘ಇಲ್ಲ’ ಎಂದು ಗುರುತು ಹಾಕಿ ಮುಂದಿನ ಪುಟಕ್ಕೆ ಹೋಗುವವರು ಬಹಳ ಮಂದಿ. ಸುಳ್ಳು ಹೇಳಬೇಕೆಂಬ ಉದ್ದೇಶ ಅವರಿಗಿರುವುದಿಲ್ಲ. ಚಕ್ರ ಬದಲಾಯಿಸಿದ್ದು ಅಂದಕ್ಕೆ, ಬಲ್ಬು ಬದಲಾಯಿಸಿದ್ದು ಬೆಳಕಿಗೆ. ಇದೆಲ್ಲ ಮಾರ್ಪಾಡಿನ ಲೆಕ್ಕಕ್ಕೆ ಬರುತ್ತದೆ ಎಂದು ಅವರಿಗೆ ಹೊಳೆದಿರುವುದೇ ಇಲ್ಲ. ಈ ಪದವನ್ನು ಬಿಡಿಸಿ ಹೇಳಬೇಕು ಎಂದು ನನಗನ್ನಿಸಿದ್ದು ಅದಕ್ಕಾಗಿಯೇ.

ವಿಮೆಯ ಭಾಷೆಯಲ್ಲಿ ಮಾರ್ಪಾಡು ಎಂದರೆ, ಆ ಮಾದರಿಯ ಕಾರು ಕಾರ್ಖಾನೆಯಿಂದ ಹೊರಬಂದಾಗ ಹೇಗಿತ್ತೋ ಅದಕ್ಕಿಂತ ಬೇರೆಯಾಗುವಂತೆ ಮಾಡಿದ ಯಾವುದೇ ಬದಲಾವಣೆ. ಬದಲಾವಣೆ ಒಳ್ಳೆಯದೋ ಕೆಟ್ಟದ್ದೋ, ದುಬಾರಿಯೋ ಅಗ್ಗವೋ ಎಂಬುದು ಇಲ್ಲಿ ಮೊದಲ ಪ್ರಶ್ನೆಯೇ ಅಲ್ಲ. ಸವೆದ ಬ್ರೇಕ್ ಪ್ಯಾಡ್ ತೆಗೆದು ಅದೇ ಬಗೆಯ ಹೊಸದನ್ನು ಹಾಕಿದರೆ ಅದು ದುರಸ್ತಿ. ಆ ಪ್ಯಾಡ್ ಒತ್ತಿ ಹಿಡಿಯುವ ಡಿಸ್ಕಿನ ಜಾಗಕ್ಕೆ ಇನ್ನೂ ದೊಡ್ಡ ಡಿಸ್ಕ್ ತಂದು ಕೂರಿಸಿದರೆ, ಕಾರು ಮೊದಲಿಗಿಂತ ಬೇಗ ನಿಂತರೂ ಸರಿ, ಅದು ಮಾರ್ಪಾಡು. ತಯಾರಕರೇ ಕಾರ್ಖಾನೆಯಲ್ಲಿ ಅಳವಡಿಸಿದ ಭಾಗಗಳು ಸಾಮಾನ್ಯವಾಗಿ ಮಾದರಿಯ ವಿವರದಲ್ಲೇ ಸೇರಿರುತ್ತವೆ. ಆದರೆ ಹೊಸ ಕಾರು ಕೈಗೆ ಕೊಡುವ ಮುನ್ನ ಮಾರಾಟಗಾರರು ಜೋಡಿಸಿದ ಬಿಡಿಭಾಗಗಳ ವಿಷಯ ಹಾಗಲ್ಲ. ‘ಷೋರೂಮಿನಿಂದಲೇ ಹೀಗೆ ಬಂತಲ್ಲ’ ಎಂಬ ನಂಬಿಕೆಯಲ್ಲಿ ಮೋಸಹೋಗುವವರು ಇದ್ದಾರೆ.

ಇಷ್ಟು ಕಟ್ಟುನಿಟ್ಟು ಏಕೆ? ವಿಮಾ ಕಂಪನಿ ನಿಮ್ಮ ಕಾರನ್ನು ನೋಡಿಯೇ ಇಲ್ಲದಿರಬಹುದು. ಅದಕ್ಕೆ ಗೊತ್ತಿರುವುದು ಕಾಗದದ ಮೇಲಿನ ಕಾರು ಮಾತ್ರ. ಆ ಮಾದರಿ, ಆ ಎಂಜಿನ್, ಆ ವರ್ಷ ಎಂಬ ವಿವರಗಳಿಂದ ಅಪಘಾತದ ಸಾಧ್ಯತೆ, ರಿಪೇರಿಯ ಖರ್ಚು, ಕಳ್ಳತನದ ಸಾಧ್ಯತೆಗಳನ್ನು ಅಂದಾಜು ಮಾಡಿ ಪ್ರೀಮಿಯಂ ನಿಗದಿಪಡಿಸುತ್ತದೆ. ರಸ್ತೆಯ ಮೇಲಿರುವ ಕಾರು ಬೇರೆ, ಕಾಗದದಲ್ಲಿರುವ ಕಾರು ಬೇರೆ ಎಂದಾದರೆ ಆ ಲೆಕ್ಕಕ್ಕೆ ತಳಹದಿಯೇ ಇರುವುದಿಲ್ಲ.

ಈ ವಿಚಾರದ ಬೇರು ಕಾರುಗಳಿಗಿಂತ ಹಳೆಯದು. ಸುಮಾತ್ರಾ ದ್ವೀಪದಲ್ಲಿ ಬ್ರಿಟಿಷರ ಕೈಯಲ್ಲಿದ್ದ ಮಾರ್ಲ್‌ಬರೋ ಕೋಟೆಯ ಗವರ್ನರ್ ಕಾರ್ಟರ್, ಕೋಟೆ ಶತ್ರುಗಳ ವಶವಾದರೆ ಪರಿಹಾರ ಸಿಗುವಂತೆ ಲಂಡನ್ನಿನಲ್ಲಿ ವಿಮೆ ಮಾಡಿಸಿದ್ದರು. 1760ರಲ್ಲಿ ಫ್ರೆಂಚರು ಕೋಟೆಯನ್ನು ಹಿಡಿದುಕೊಂಡರು. ಕೋಟೆ ಎಷ್ಟು ದುರ್ಬಲವಾಗಿತ್ತು ಎಂಬುದನ್ನು ಮುಚ್ಚಿಟ್ಟಿದ್ದರು ಎಂದು ವಿಮೆ ಕೊಟ್ಟ ಬೋಹ್ಮ್ ಹಣ ಕೊಡಲು ಒಪ್ಪಲಿಲ್ಲ. 1766ರಲ್ಲಿ ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಕೊಟ್ಟ ತೀರ್ಪು ಕಾರ್ಟರ್ ಪರವಾಗಿತ್ತು, ಏಕೆಂದರೆ ಆ ಸಂಗತಿಗಳು ವಿಮೆ ಕೊಟ್ಟವರಿಗೆ ತಿಳಿದುಕೊಳ್ಳಲಾಗದಂಥವೇನೂ ಆಗಿರಲಿಲ್ಲ. ಆದರೆ ಅಪಾಯವನ್ನು ಅಳೆಯಲು ಬೇಕಾದ ಸಂಗತಿಗಳು ಬಹುಪಾಲು ವಿಮೆ ಮಾಡಿಸುವವನಿಗೆ ಮಾತ್ರ ಗೊತ್ತಿರುತ್ತವೆ, ಆದ್ದರಿಂದ ಅವನು ಅವನ್ನು ಬಚ್ಚಿಡಬಾರದು ಎಂಬ ತತ್ತ್ವ ಆ ತೀರ್ಪಿನಲ್ಲೇ ನೆಲೆಯಾಯಿತು. ಮುಂದೆ ಬ್ರಿಟನ್ನಿನ 1906ರ ಸಾಗರ ವಿಮಾ ಕಾಯ್ದೆ ಇದನ್ನು ‘ಪರಮ ಸದ್ಭಾವನೆ’ ಎಂದು ದಾಖಲಿಸಿತು. ವಿವೇಕಿಯಾದ ಒಬ್ಬ ವಿಮೆಗಾರ ಪ್ರೀಮಿಯಂ ನಿಗದಿ ಮಾಡುವಾಗ ಅಥವಾ ವಿಮೆ ಕೊಡಬೇಕೇ ಬೇಡವೇ ಎಂದು ತೀರ್ಮಾನಿಸುವಾಗ ಅವನ ಮೇಲೆ ಪ್ರಭಾವ ಬೀರಬಲ್ಲ ಸಂಗತಿಯೇ ‘ಮಹತ್ವದ ಸಂಗತಿ’ ಎಂದಿತು. ಮಾರ್ಪಾಡನ್ನು ಅಳೆಯುವ ಕೋಲು ಬಹುಮಟ್ಟಿಗೆ ಇಂದಿಗೂ ಇದೇ.

ಒಂದು ಚಿಕ್ಕ ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಟೈರಿನ ಪಕ್ಕದಲ್ಲಿ 195/65 ಆರ್15 ಎಂದು ಬರೆದಿದೆ ಎಂದುಕೊಳ್ಳಿ. ಅಗಲ 195 ಮಿಲಿಮೀಟರ್, ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇ. 65, ಒಳಗಿನ ರಿಮ್ 15 ಅಂಗುಲ. ಲೆಕ್ಕ ಹಾಕಿದರೆ ಇಡೀ ಚಕ್ರದ ವ್ಯಾಸ ಸುಮಾರು 634 ಮಿಲಿಮೀಟರ್. ಇದರ ಬದಲು 16 ಅಂಗುಲದ ಅಲಾಯ್ ರಿಮ್‌ಗೆ 205/55 ಟೈರ್ ಹಾಕಿದರೆ ವ್ಯಾಸ 632ರ ಆಸುಪಾಸು, ವ್ಯತ್ಯಾಸ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಕಾರು ಎತ್ತರವಾಗಿ ಕಾಣಲಿ ಎಂದು ಅದೇ ರಿಮ್‌ಗೆ 205/65 ಟೈರ್ ಹಾಕಿಸಿದರೆ ವ್ಯಾಸ 673 ಮಿಲಿಮೀಟರ್ ಆಗುತ್ತದೆ, ಅಂದರೆ ಶೇ. 6ರಷ್ಟು ಹೆಚ್ಚು. ಮೊದಲು ಸರಿಯಾಗಿ ತೋರಿಸುತ್ತಿದ್ದ ಸ್ಪೀಡೋಮೀಟರ್ ಈಗ 100 ಎಂದು ತೋರಿಸುವಾಗ ಕಾರು 106ರಲ್ಲಿ ಓಡುತ್ತಿರುತ್ತದೆ. ಡಿಕ್ಕಿಯ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಅದು ಶೇ. 12ರಷ್ಟು ಜಾಸ್ತಿ. ಕ್ರಮಿಸಿದ ದೂರವೂ ಕಡಿಮೆ ದಾಖಲಾಗುತ್ತದೆ. ಮೀಟರಿನಲ್ಲಿ 10,000 ಕಿಲೋಮೀಟರ್ ಇದ್ದರೆ ನಿಜಕ್ಕೂ ಓಡಿದ್ದು 10,600. ‘ಬರೀ ಟೈರು ತಾನೇ’ ಎಂದವರಿಗೆ ನಾನು ಈ ಲೆಕ್ಕವನ್ನೇ ಹೇಳುತ್ತೇನೆ.

ಬಲ್ಬಿನದೂ ಇದೇ ಕಥೆ. ಹ್ಯಾಲೋಜನ್ ದೀಪದ ಪ್ರತಿಫಲಕವನ್ನು ಒಳಗಿನ ತಂತಿ ನಿಖರವಾಗಿ ಎಲ್ಲಿರುತ್ತದೆ ಎಂಬುದನ್ನು ಆಧರಿಸಿ ರೂಪಿಸಿರುತ್ತಾರೆ. ಅಲ್ಲಿ ಎಲ್‌ಇಡಿ ಬಲ್ಬು ಕೂರಿಸಿದರೆ ಬೆಳಕು ಹೊರಡುವ ಜಾಗ, ಆಕಾರ ಎರಡೂ ಬದಲಾಗುತ್ತವೆ. ಬೆಳಕು ರಸ್ತೆಗೆ ಬೀಳುವ ಬದಲು ಎದುರಿನವರ ಕಣ್ಣಿಗೆ ಚದುರುವ ಸಂಭವ ಹೆಚ್ಚು. ಕಾರಿನ ಮುಂಭಾಗಕ್ಕೆ ಹಾಕಿಸುವ ಲೋಹದ ಅಡ್ಡಕಂಬಿ, ಅಂದರೆ ಬುಲ್ ಬಾರ್, ಇನ್ನೂ ಗಂಭೀರ. ಕಾರಿನ ಮೂತಿ ಕುಗ್ಗಿ ಹೊಡೆತವನ್ನು ಹೀರಿಕೊಳ್ಳುವಂತೆ ಮಾಡಿರುವ ವ್ಯವಸ್ಥೆಗೆ ಅದು ಅಡ್ಡ ಬರುತ್ತದೆ, ಏರ್‌ಬ್ಯಾಗ್ ಸಂವೇದಕಗಳ ಲೆಕ್ಕವನ್ನೂ ಕೆಡಿಸಬಹುದು, ಪಾದಚಾರಿಗೆ ತಗುಲುವ ಪೆಟ್ಟನ್ನು ಹೆಚ್ಚಿಸುತ್ತದೆ. ರಕ್ಷಣೆಗೆಂದು ಹಾಕಿಸುವ ವಸ್ತು ರಕ್ಷಣೆಯನ್ನೇ ಕಿತ್ತುಕೊಳ್ಳುವುದು ನನಗೆ ನಿಜವಾಗಿ ನೋವಿನ ಸಂಗತಿ.

ಎಂಜಿನ್ನಿನ ಸಾಫ್ಟ್‌ವೇರ್ ಬದಲಾಯಿಸಿ ಶಕ್ತಿ ಹೆಚ್ಚಿಸುವ ರೀಮ್ಯಾಪ್ ಕಣ್ಣಿಗೆ ಕಾಣುವುದಿಲ್ಲ, ಹಾಗಾಗಿ ಗೊತ್ತಾಗುವುದಿಲ್ಲ ಎಂದು ಹಲವರು ನಂಬಿದ್ದಾರೆ. ಆದರೆ ಹಲವು ಕಾರುಗಳ ಕಂಪ್ಯೂಟರಿನಲ್ಲಿ ಸಾಫ್ಟ್‌ವೇರನ್ನು ಎಷ್ಟು ಸಲ ಬದಲಿಸಲಾಗಿದೆ ಎಂಬ ದಾಖಲೆ ಉಳಿದಿರುತ್ತದೆ. ಸಂಗೀತ ವ್ಯವಸ್ಥೆ, ಬೆಲೆಬಾಳುವ ರಿಮ್‌ಗಳು ಕಳ್ಳರನ್ನು ಸೆಳೆಯುತ್ತವೆ. ಬಣ್ಣ, ಸ್ಟಿಕ್ಕರ್‌ಗಳಿಂದ ಅಪಾಯ ಹೆಚ್ಚುವುದಿಲ್ಲವಾದರೂ ರಿಪೇರಿಯ ಖರ್ಚು ಹೆಚ್ಚಬಹುದು.

ಎಲ್ಲ ಮಾರ್ಪಾಡೂ ಪ್ರೀಮಿಯಂ ಏರಿಸುತ್ತದೆ ಎಂದೇನಿಲ್ಲ. ಕಳ್ಳತನ ತಡೆಯುವ ಇಮೊಬಿಲೈಸರ್, ಕಾರು ಎಲ್ಲಿದೆಯೆಂದು ತೋರಿಸುವ ಟ್ರ್ಯಾಕರ್ ಇದ್ದರೆ ಕೆಲವು ಕಂಪನಿಗಳು ರಿಯಾಯಿತಿ ಕೊಡುತ್ತವೆ. ಕಾಲು ಬಳಸಲಾಗದವರು ಓಡಿಸಲೆಂದು ಕೈಯಿಂದಲೇ ಬ್ರೇಕ್ ಮತ್ತು ಆಕ್ಸಿಲರೇಟರ್ ನಿಯಂತ್ರಿಸುವ ಸಾಧನ ಹಾಕಿಸಿದರೆ ಅದೂ ಮಾರ್ಪಾಡೇ. ಅದನ್ನು ತಿಳಿಸುವುದು ಅವರ ಹಿತಕ್ಕೇ, ಏಕೆಂದರೆ ಆ ಸಾಧನ ದುಬಾರಿ. ವಿಮೆಯಲ್ಲಿ ಅದರ ಹೆಸರಿಲ್ಲದಿದ್ದರೆ ಅಪಘಾತದ ನಂತರ ಮಾಮೂಲಿ ಪೆಡಲುಗಳ ಬೆಲೆಯಷ್ಟೇ ಕೈಗೆ ಬರಬಹುದು. ಹಾಕಿಸಿದ ಖರ್ಚೆಲ್ಲ ವಿಮೆಯ ಮೊತ್ತಕ್ಕೆ ತಾನಾಗಿ ಸೇರುತ್ತದೆ ಎಂಬುದು ದೊಡ್ಡ ತಪ್ಪು ತಿಳಿವಳಿಕೆ. ಹೆಚ್ಚುವರಿ ಭಾಗವನ್ನು ಮೌಲ್ಯದೊಂದಿಗೆ ಪಾಲಿಸಿಯಲ್ಲಿ ಸೇರಿಸದಿದ್ದರೆ ಸಾಮಾನ್ಯವಾಗಿ ಕಾರ್ಖಾನೆಯ ಮೂಲ ಭಾಗದ ಬೆಲೆಯೇ ಲೆಕ್ಕಕ್ಕೆ ಬರುತ್ತದೆ.

ಹೇಳದೇ ಇದ್ದರೆ ಏನಾಗುತ್ತದೆ ಎಂಬುದಕ್ಕೆ ಒಂದೇ ಉತ್ತರವಿಲ್ಲ. ಕಂಪನಿ ಪರಿಹಾರವನ್ನು ಪೂರ್ತಿ ನಿರಾಕರಿಸಬಹುದು, ಕಡಿಮೆ ಮಾಡಬಹುದು, ಪಾಲಿಸಿಯನ್ನೇ ರದ್ದು ಮಾಡಬಹುದು. ಬ್ರಿಟನ್ನಿನ 2012ರ ಗ್ರಾಹಕ ವಿಮಾ ಕಾಯ್ದೆ ಇಲ್ಲಿ ನ್ಯಾಯವಾದ ಒಂದು ಗೆರೆ ಎಳೆದಿದೆ. ಬೇಕೆಂದೇ ಮುಚ್ಚಿಟ್ಟವರು ಬೇರೆ, ಅಜಾಗರೂಕತೆಯಿಂದ ತಪ್ಪು ಹೇಳಿದವರು ಬೇರೆ. ಎರಡನೆಯವರ ವಿಷಯದಲ್ಲಿ, ನಿಜ ಗೊತ್ತಿದ್ದರೆ ಕಂಪನಿ 100 ಪೌಂಡ್ ಪ್ರೀಮಿಯಂ ಕೇಳುತ್ತಿತ್ತು, ಆದರೆ ಪಡೆದದ್ದು 80 ಎಂದಾದರೆ, ಪರಿಹಾರದ ಶೇ. 80ರಷ್ಟನ್ನು ಕೊಡಬಹುದು. ನನ್ನ ಮಟ್ಟಿಗೆ ಇದೇ ಸರಿಯಾದ ದಾರಿ. ಮೂರನೇ ವ್ಯಕ್ತಿಗೆ ಆದ ಹಾನಿಯ ವಿಷಯದಲ್ಲಿ ಹಲವು ದೇಶಗಳ ಕಾನೂನು ಮೊದಲು ಗಾಯಾಳುವಿಗೆ ಹಣ ಕೊಡಿಸುತ್ತದೆ. ಆಮೇಲೆ ಕಂಪನಿ ಅದನ್ನು ಮಾಲೀಕರಿಂದ ವಸೂಲು ಮಾಡಲು ಹೊರಡಬಹುದು.

ಹಳೆಯ ಕಾರು ಕೊಂಡವರ ಪಾಡು ಇನ್ನೊಂದು ಬಗೆಯದು. ನಮ್ಮ ಬಂಧುವೊಬ್ಬರ ಕಾರು ಅಪಘಾತಕ್ಕೆ ಸಿಕ್ಕಿದಾಗ ಗ್ಯಾರೇಜಿನಲ್ಲಿ ನಾನೂ ಇದ್ದೆ. ನಷ್ಟವನ್ನು ಅಂದಾಜು ಮಾಡಲು ಬಂದಿದ್ದ ಸರ್ವೇಯರ್ ನೆಲಕ್ಕೆ ಬಗ್ಗಿ ಮೊಬೈಲಿನ ಬೆಳಕನ್ನು ಚಕ್ರದ ಹಿಂದೆ ಬಿಟ್ಟರು. ಕಪ್ಪಾಗಿರಬೇಕಿದ್ದ ಸ್ಪ್ರಿಂಗುಗಳು ಕೆಂಪಗಿದ್ದವು. ಮೊದಲ ಮಾಲೀಕರು ಕಾರನ್ನು ತಗ್ಗಿಸಲೆಂದು ಗಿಡ್ಡ ಸ್ಪ್ರಿಂಗ್ ಹಾಕಿಸಿದ್ದರು. ಎರಡು ವರ್ಷ ಅದೇ ಕಾರಿನಲ್ಲಿ ಓಡಾಡಿದ ಬಂಧುವಿಗೆ ಅದು ತಿಳಿದದ್ದು ಆ ಕ್ಷಣದಲ್ಲಿ. ‘ನನಗೆ ಗೊತ್ತಿರಲಿಲ್ಲ ಸರ್’ ಎಂದರು. ಸರ್ವೇಯರ್ ಗದರಲಿಲ್ಲ, ‘ಗೊತ್ತಿರಲಿಲ್ಲ ಎಂಬುದನ್ನೂ ಬರೆದುಕೊಡಿ’ ಎಂದು ಕಾಗದ ಮುಂದಿಟ್ಟರು. ಹಣ ಕೈಸೇರಲು ತಿಂಗಳುಗಳೇ ಹಿಡಿದವು.

ಆದ್ದರಿಂದ ಹಳೆಯ ಕಾರು ಕೊಳ್ಳುವಾಗ ಅದನ್ನು ಎತ್ತಿಸಿ ಕೆಳಭಾಗ ನೋಡಿಸಿ, ಮೂಲ ಮಾದರಿಯ ವಿವರದೊಂದಿಗೆ ಹೋಲಿಸಿ. ಹೊಸದೇನಾದರೂ ಹಾಕಿಸುವುದಿದ್ದರೆ ಕೆಲಸಕ್ಕೆ ಮೊದಲೇ ಕಂಪನಿಗೆ ಬರೆದು ಕೇಳಿ. ಬಾಯಿಮಾತಿನ ‘ಪರವಾಗಿಲ್ಲ’ ಸಾಲದು, ಪಾಲಿಸಿಗೆ ತಿದ್ದುಪಡಿಯ ಪತ್ರವನ್ನು ಕಂಪನಿ ಸೇರಿಸಿ ಕೊಡಬೇಕು. ರಸೀದಿ, ಫೋಟೋಗಳು ಆ ಪತ್ರದ ಜೊತೆಗಿರಲಿ. ಮುಂದೆ ಎಂದಾದರೂ ಆ ಭಾಗವನ್ನು ತೆಗೆಸಿ ಕಾರನ್ನು ಮೊದಲಿನಂತೆ ಮಾಡಿಸಿದರೆ ಅದನ್ನೂ ತಿಳಿಸಬೇಕು, ಏಕೆಂದರೆ ಅಷ್ಟರಲ್ಲಿ ಕಾಗದದ ಮೇಲಿರುವುದು ಬದಲಾದ ಕಾರು.