ಬಿಸಿಯಾಗಿ ನಿಂತ ಕಾರು ಸ್ಟಾರ್ಟ್ ಆಗುತ್ತಿಲ್ಲ, ಇಂಜಿನ್ ಹೋಯಿತಾ?

ಪ್ರಶ್ನೆ: ಕೋಲಾರದಿಂದ ಶ್ರೀನಿವಾಸಪುರಕ್ಕೆ ಹೋಗುವಾಗ ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಯಿತು. ಮುಂದೆ ಬಂಕ್ ಸಿಗುತ್ತದೆ ಅಂತ ಸ್ವಲ್ಪ ದೂರ ಓಡಿಸಿದೆ. ಗಾಡಿ ಎಳೆಯುವುದು ಕಮ್ಮಿಯಾಗಿ ತಾನೇ ಆಫ್ ಆಯಿತು. ತಣ್ಣಗಾದ ಮೇಲೆ ನೀರು ಹಾಕಿದೆ. ಸೆಲ್ಫ್ ಹೊಡೆದರೆ ತಿರುಗುತ್ತದೆ, ಸ್ಟಾರ್ಟ್ ಮಾತ್ರ ಆಗುತ್ತಿಲ್ಲ. ಮೆಕ್ಯಾನಿಕ್ ನೋಡಿದ ತಕ್ಷಣ ಇಂಜಿನ್ ಹೋಗಿದೆ, ಪೂರ್ತಿ ಬಿಚ್ಚಬೇಕು ಅಂದರು. ಮೂರು ಸಿಲಿಂಡರಿನ ಪೆಟ್ರೋಲ್ ಕಾರು. ಏನು ಮಾಡಲಿ?

ಮೊದಲು ಒಂದು ಕೆಲಸ ಮಾಡಿ. ಸೆಲ್ಫ್ ಹೊಡೆಯುವುದನ್ನು ನಿಲ್ಲಿಸಿ. ಇನ್ನೊಂದು ಸಲ ನೋಡೋಣ ಅಂತ ಕೀ ತಿರುಗಿಸುತ್ತಲೇ ಇದ್ದರೆ ಚಿಕ್ಕ ಕೆಲಸ ದೊಡ್ಡದಾಗುತ್ತದೆ. ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕ್ ಮತ್ತು ಅದರ ಮೇಲೆ ಕೂರುವ ಹೆಡ್ ಮಧ್ಯದ ಸೀಲು) ಹೋಗಿ ಸಿಲಿಂಡರಿನೊಳಗೆ ನೀರು ಇಳಿದಿದ್ದರೆ, ಗಾಳಿಯನ್ನು ಅದುಮಿದ ಹಾಗೆ ನೀರನ್ನು ಅದುಮಲು ಪಿಸ್ಟನ್‌ಗೆ ಆಗುವುದಿಲ್ಲ, ಆಗ ಬಗ್ಗುವುದು ಪಿಸ್ಟನ್ನಿಗೆ ಜೋಡಿಸಿರುವ ಕನೆಕ್ಟಿಂಗ್ ರಾಡ್. ನೀರು ಆಯಿಲ್‌ಗೆ ಸೇರಿದ್ದರೆ ಬೇರಿಂಗ್‌ಗಳೂ ಸವೆಯುತ್ತವೆ.

ಇಂಜಿನ್ ಹೋಗಿದೆಯಾ ಅಂದರೆ, ಬಾನೆಟ್ ಎತ್ತಿ ನೋಡಿದಷ್ಟಕ್ಕೇ ಯಾರೂ ಅದನ್ನು ಹೇಳಲು ಆಗುವುದಿಲ್ಲ. ಹೋಗಿರಬಹುದು. ಬರೀ ಒಂದು ಸೆನ್ಸರ್ ಕೆಟ್ಟಿರಲೂಬಹುದು. ಎರಡಕ್ಕೂ ಖರ್ಚಿನಲ್ಲಿ ಎಷ್ಟು ವ್ಯತ್ಯಾಸ ಅಂತ ನಿಮಗೇ ಗೊತ್ತು ಅಲ್ವಾ? ಅದಕ್ಕೇ ಬಿಚ್ಚುವ ಮೊದಲು ಟೆಸ್ಟ್ ಮಾಡಿಸಿ ಅಂತ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಸೆಲ್ಫ್ ಹೊಡೆದಾಗ ಬಂದ ಸದ್ದು ಹೇಗಿತ್ತು ಅಂತ ನೆನಪು ಮಾಡಿಕೊಳ್ಳಿ. ಮಾಮೂಲಿ ದಿನಗಳಲ್ಲಿ ಅದು ಏರಿಳಿತದ ಸದ್ದು, ಒಂದೊಂದು ಸಿಲಿಂಡರ್ ಗಾಳಿ ಅದುಮಿದಾಗಲೂ ಮೋಟಾರಿಗೆ ಸ್ವಲ್ಪ ಭಾರ ಬೀಳುತ್ತದೆ. ಆ ಏರಿಳಿತ ಹೋಗಿ, ತಡೆಯೇ ಇಲ್ಲದೆ ಹಗುರವಾಗಿ ಗಿರ್ರನೆ ತಿರುಗುತ್ತಿದ್ದರೆ ಕಂಪ್ರೆಷನ್ (ಗಾಳಿ ಅದುಮುವ ಒತ್ತಡ) ಹೋಗಿದೆ, ಇಲ್ಲವೇ ವಾಲ್ವ್ ತೆರೆದು ಮುಚ್ಚುವ ಹೊತ್ತನ್ನು ಹೊಂದಿಸುವ ಟೈಮಿಂಗ್ ಬೆಲ್ಟ್ ಅಥವಾ ಚೈನ್ ತಪ್ಪಿದೆ ಅಂತ ಅನುಮಾನ ಪಡಬೇಕು. ಒಂದು ಸಲ ಭಾರ, ಮುಂದಿನ ಎರಡು ಸಲ ಹಗುರ ಅನ್ನಿಸಿದರೆ ಒಂದೆರಡು ಸಿಲಿಂಡರ್ ಮಾತ್ರ ಹೋಗಿವೆ. ಮೂರು ಸಿಲಿಂಡರಿನ ಕಾರಿನಲ್ಲಿ ಅಕ್ಕಪಕ್ಕದ ಎರಡರ ಮಧ್ಯೆ ಗ್ಯಾಸ್ಕೆಟ್ ಸುಟ್ಟರೆ ಕೆಲಸ ಮಾಡಲು ಉಳಿಯುವುದು ಒಂದೇ, ಅದರಿಂದ ಗಾಡಿ ಸ್ಟಾರ್ಟ್ ಆಗುವುದು ಕಷ್ಟ. ನಿಮ್ಮ ಕೇಸಿನಲ್ಲಿ ನನ್ನ ಮೊದಲ ಅನುಮಾನ ಇದರ ಮೇಲೇ.

ಟಕ್ ಅಂದು ಸುಮ್ಮನಾಗುವ ಕಾರಾದರೆ ಕಥೆ ಬೇರೆ. ಮೊದಲು ಬ್ಯಾಟರಿ, ಟರ್ಮಿನಲ್ ನೋಡಬೇಕು. ಅವು ಸರಿ ಇದ್ದರೆ ಪ್ಲಗ್‌ಗಳನ್ನೆಲ್ಲ ಬಿಚ್ಚಿ, ಕ್ರ್ಯಾಂಕ್ ಪುಲ್ಲಿ ಬೋಲ್ಟ್‌ಗೆ ಸ್ಪ್ಯಾನರ್ ಹಾಕಿ ಕೈಯಿಂದ ತಿರುಗಿಸಬೇಕು. ಆಗ ಪ್ಲಗ್ ತೂತಿನಿಂದ ನೀರು ಬಂದು ಇಂಜಿನ್ ತಿರುಗಿದರೆ ನೀರು ತುಂಬಿತ್ತು ಅಂತ. ಆಗಲೂ ಅಲುಗಾಡದಿದ್ದರೆ ಜಾಮ್ ಆಗಿದೆ.

ಸದ್ದು ಎಂದಿನಂತೆ ಸರಿಯಾಗಿಯೇ ಇದ್ದರೆ ಅದು ಒಳ್ಳೆಯ ಸುದ್ದಿ. ಜಾಸ್ತಿ ಬಿಸಿಗೆ ಕ್ರ್ಯಾಂಕ್ ಸೆನ್ಸರ್ (ಇಂಜಿನ್ ತಿರುಗುವುದನ್ನು ಗುರುತಿಸುವ ಸೆನ್ಸರ್), ಇಗ್ನಿಷನ್ ಕಾಯಿಲ್, ಫ್ಯೂಸ್, ವೈರಿಂಗ್ ಯಾವುದು ಬೇಕಾದರೂ ಕೈಕೊಡುತ್ತದೆ. ಸ್ಕ್ಯಾನರ್ ಹಾಕಿಸಿ. ಸೆಲ್ಫ್ ಹೊಡೆಯುವಾಗ ಸ್ಕ್ಯಾನರಿನಲ್ಲಿ ಆರ್‌ಪಿಎಂ ಸೊನ್ನೆಯಲ್ಲೇ ನಿಂತಿದ್ದರೆ ಕ್ರ್ಯಾಂಕ್ ಸೆನ್ಸರ್, ಅದರ ವೈರು ನೋಡಬೇಕು. ಆದರೆ ಅದಕ್ಕೆ ಮತ್ತೆ ಸೆಲ್ಫ್ ಹೊಡೆಯಲೇಬೇಕಲ್ಲ, ಹಾಗಾಗಿ ಮುಂದಿನ ಎರಡು ಪರೀಕ್ಷೆ ಮುಗಿಸಿಕೊಂಡೇ ಅದಕ್ಕೆ ಕೈ ಹಾಕಿ.

ಒಂದು, ಆಯಿಲ್ ಕಡ್ಡಿ. ಹೊರಗೆ ಎಳೆದು ಬಿಳಿ ಬಟ್ಟೆಗೆ ಒರೆಸಿ. ಹಾಲು ಬೆರೆಸಿದ ಕಾಫಿ ಬಣ್ಣ ಬಂದಿದ್ದರೆ, ಇಲ್ಲವೇ ಆಯಿಲ್ ಮಟ್ಟ ಮೇಲಿನ ಗೆರೆ ದಾಟಿದ್ದರೆ ನೀರು ಸೇರಿದೆ. ಆಯಿಲ್ ಮುಚ್ಚಳದ ಒಳಗಡೆ ಮಾತ್ರ ತೆಳ್ಳಗೆ ಬಿಳಿ ನೊರೆ ಇದ್ದರೆ ಗಾಬರಿ ಬೇಡ, ಚಿಕ್ಕಚಿಕ್ಕ ದೂರ ಓಡುವ ಗಾಡಿಗಳಲ್ಲಿ ಚಳಿಗಾಲದಲ್ಲಿ ಅದು ಬರೀ ತೇವದಿಂದಲೂ ಬರುತ್ತದೆ.

ಎರಡು, ಪ್ಲಗ್‌ಗಳು. ಮೂರನ್ನೂ ಬಿಚ್ಚಿ ಸಿಲಿಂಡರಿನ ಕ್ರಮದಲ್ಲೇ ಒಂದು ಪೇಪರ್ ಮೇಲೆ ಸಾಲಾಗಿ ಇಡಿ. ಎರಡು ಕಂದು ಬಣ್ಣಕ್ಕಿದ್ದು, ಮೂರನೆಯದರ ಪಿಂಗಾಣಿ ಮಾತ್ರ ತೊಳೆದಿಟ್ಟಂತೆ ಬೆಳ್ಳಗೆ ಇದ್ದರೆ ಆ ಸಿಲಿಂಡರಿಗೆ ನೀರು ಹೋಗುತ್ತಿದ್ದಿರಬೇಕು, ಆವಿ ಅದನ್ನು ತೊಳೆದಿದೆ. ಕೂಲೆಂಟಿನ ಸಿಹಿ ವಾಸನೆಯೂ ಬರಬಹುದು. ಮೂಗಿನಿಂದಲೇ ನೋಡಿ, ಬಾಯಿಗೆ ಬೇಡ, ಅದು ವಿಷ.

ಪ್ಲಗ್ ಹೇಗೂ ಬಿಚ್ಚಿದ್ದಾಗಿದೆ, ಈಗ ಕಂಪ್ರೆಷನ್ ಟೆಸ್ಟ್ ಮಾಡಿಸಿ. ಪೆಟ್ರೋಲ್ ಇಂಜಿನ್‌ಗಳಲ್ಲಿ ಸಾಮಾನ್ಯವಾಗಿ 10ರಿಂದ 13 ಬಾರ್ ಬರುತ್ತದೆ, ನಿಮ್ಮ ಕಾರಿನ ಸರಿಯಾದ ಅಂಕಿ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿರುತ್ತದೆ. ಅಕ್ಕಪಕ್ಕದ ಎರಡರಲ್ಲಿ ಮಾತ್ರ ತೀರಾ ಕಮ್ಮಿ ಬಂದರೆ ಬಹುತೇಕ ಗ್ಯಾಸ್ಕೆಟ್. ಕಮ್ಮಿ ಬಂದ ಸಿಲಿಂಡರಿಗೆ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಲಿ. ಒತ್ತಡ ಏರಿದರೆ ಪಿಸ್ಟನ್ ಸುತ್ತಲಿನ ರಿಂಗ್ ಸೋತಿದೆ, ಆಗ ಮೆಕ್ಯಾನಿಕ್ ಹೇಳಿದ್ದು ನಿಜವಾಗುತ್ತದೆ. ಏರದಿದ್ದರೆ ತೊಂದರೆ ಮೇಲ್ಗಡೆ, ಅಂದರೆ ವಾಲ್ವ್, ಹೆಡ್, ಗ್ಯಾಸ್ಕೆಟ್. ಆಗ ಹೆಡ್ ಮಾತ್ರ ಬಿಚ್ಚಿದರೆ ಸಾಕಾಗಬಹುದು.

ಹೆಡ್ ಬಿಚ್ಚಿದ ಮೇಲೆ ಹೊಸ ಗ್ಯಾಸ್ಕೆಟ್ ಹಾಕಿ ಹಾಗೇ ಕೂರಿಸಲು ಒಪ್ಪಬೇಡಿ. ಅಲ್ಯೂಮಿನಿಯಂ ಹೆಡ್ ಬಿಸಿಗೆ ಬಾಗುತ್ತದೆ. ಎಷ್ಟೋ ಕಾರುಗಳಲ್ಲಿ 0.05 ಮಿಲಿಮೀಟರ್ ಬಾಗಿದರೇ ಮಿತಿ ದಾಟಿದಂತೆ, ಅಂದರೆ ಒಂದು ಜೆರಾಕ್ಸ್ ಹಾಳೆಯ ದಪ್ಪದಲ್ಲಿ ಅರ್ಧ, ಕಣ್ಣಿಗೆ ಕಾಣುವುದಿಲ್ಲ. ಲೇತ್‌ನಲ್ಲಿ ಕೊಟ್ಟು ಸ್ಟ್ರೈಟ್ ಎಡ್ಜ್ ಇಟ್ಟು ಫೀಲರ್ ಗೇಜಿನಿಂದ ಅಳೆಸಿ, ಬೇಕಿದ್ದರೆ ಫೇಸಿಂಗ್ ಮಾಡಿಸಿ, ಅಂದರೆ ಉಜ್ಜಿ ಸಮತಟ್ಟು ಮಾಡಿಸಿ. ಬಿರುಕು ಬಿಟ್ಟಿದೆಯಾ ಅಂತ ಪ್ರೆಷರ್ ಟೆಸ್ಟೂ ಆಗಲಿ. ಬೋಲ್ಟ್‌ಗಳು ಒಂದೇ ಸಲ ಬಳಸುವಂಥವಾಗಿದ್ದರೆ ಹೊಸದೇ ಹಾಕಿಸಿ.

ಇಷ್ಟಕ್ಕೂ ಗಾಡಿ ಬಿಸಿಯಾಗಿದ್ದು ಯಾಕೆ? ಇದನ್ನು ಕೇಳದೆ ರಿಪೇರಿ ಮಾಡಿಸಿದರೆ ಹೊಸ ಗ್ಯಾಸ್ಕೆಟ್ ಕೂಡ ಸುಡುತ್ತದೆ. ಫ್ಯಾನ್ ತಿರುಗುತ್ತಿತ್ತಾ, ಹೋಸ್ ಸೋರುತ್ತಿತ್ತಾ, ವಾಟರ್ ಪಂಪ್, ಥರ್ಮೋಸ್ಟಾಟ್ ಸರಿ ಇವೆಯಾ, ಎಲ್ಲವನ್ನೂ ನೋಡಿಸಿ. ನಮ್ಮ ಕೋಲಾರ, ಚಿಕ್ಕಬಳ್ಳಾಪುರ ಕಡೆ ಇನ್ನೊಂದು ಕಾರಣ ಇದೆ, ಬೋರ್‌ವೆಲ್ ನೀರು. ಕೂಲೆಂಟ್ ಕಮ್ಮಿಯಾದಾಗ ನಲ್ಲಿ ನೀರೇ ಸುರಿಯುವುದು ಅಭ್ಯಾಸ ಆಗಿದೆ. ಇಲ್ಲಿನ ಗಡಸು ನೀರಿನಲ್ಲಿರುವ ಉಪ್ಪು ಗೀಸರ್ ಕಾಯಿಲ್ ಮೇಲೆ ಕಟ್ಟುವಂತೆಯೇ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟಿಕೊಳ್ಳುತ್ತದೆ. ಸಾಲದ್ದಕ್ಕೆ ಕೋಲಾರ ಸಮುದ್ರ ಮಟ್ಟದಿಂದ 800 ಮೀಟರಿಗೂ ಮೇಲಿದೆ, ತೆರೆದಿಟ್ಟ ನೀರು ಇಲ್ಲಿ ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ರೇಡಿಯೇಟರ್ ಕ್ಯಾಪ್ ಸುಮಾರು 1 ಬಾರ್ ಒತ್ತಡ ಹಿಡಿದಿಟ್ಟುಕೊಂಡು ಆ ಮಟ್ಟವನ್ನು 120 ಡಿಗ್ರಿ ಆಸುಪಾಸಿಗೆ ಏರಿಸುತ್ತದೆ. ಕ್ಯಾಪಿನ ರಬ್ಬರ್ ಸತ್ತಿದ್ದರೆ ಆ ರಕ್ಷಣೆಯೂ ಇಲ್ಲ. ಕ್ಯಾಪಿನ ಬೆಲೆ ತೀರಾ ಕಮ್ಮಿ, ಅದನ್ನು ಸುಮ್ನೆ ಬದಲಾಯಿಸಿಬಿಡಿ.

ಇನ್ನೊಂದು ವಿಷಯ, ಕೆಂಪಿಗೆ ಹೋಗಿದ್ದ ಮುಳ್ಳು ಓಡಿಸುತ್ತಿದ್ದಾಗಲೇ ತಟ್ಟನೆ ಕೆಳಗಿಳಿಯಿತಾ? ಇಂಜಿನ್ ತಣ್ಣಗಾಯಿತು ಅಂತ ನಂಬಿ ಎಷ್ಟೋ ಜನ ಓಡಿಸುತ್ತಾರೆ. ಸೆನ್ಸರ್ ನೀರಿನಲ್ಲಿ ಮುಳುಗಿದ್ದರೆ ಮಾತ್ರ ಸರಿಯಾಗಿ ತೋರಿಸುತ್ತದೆ, ನೀರು ಪೂರ್ತಿ ಖಾಲಿಯಾದಾಗಲೂ ಮುಳ್ಳು ಇಳಿಯಬಹುದು. ಹಾಗೆ ಇಳಿದಿದ್ದರೆ ಮೆಕ್ಯಾನಿಕ್‌ಗೆ ಅದನ್ನೂ, ಕೆಂಪಿಗೆ ಹೋದ ಮೇಲೆ ಎಷ್ಟು ದೂರ ಓಡಿಸಿದಿರಿ ಅನ್ನುವುದನ್ನೂ ಮುಚ್ಚಿಡದೆ ಹೇಳಿ, ಎಲ್ಲಿಂದ ಹುಡುಕಬೇಕು ಅಂತ ಅವರಿಗೆ ಬೇಗ ಗೊತ್ತಾಗುತ್ತದೆ. ಗಾಡಿ ಇನ್ನೂ ರಸ್ತೆ ಬದಿಯಲ್ಲೇ ಇದ್ದರೆ ತಳ್ಳಿ ಸ್ಟಾರ್ಟ್ ಮಾಡಲು ಹೋಗಬೇಡಿ, ನ್ಯೂಟ್ರಲ್‌ನಲ್ಲಿಟ್ಟು ಟೋ ಮಾಡಿಸಿ. ಕಂಪ್ರೆಷನ್ ಟೆಸ್ಟಿನ ಮೂರೂ ಅಂಕಿಗಳನ್ನು ಚೀಟಿಯಲ್ಲಿ ಬರೆಸಿಕೊಳ್ಳಿ, ಬೇರೆ ಗ್ಯಾರೇಜಿನಲ್ಲಿ ಕೇಳಬೇಕೆಂದರೆ ಆ ಚೀಟಿ ತೋರಿಸಿದರೆ ಸಾಕು.