ಮಳೆ ಲೆಕ್ಕ ಯಾರ ಕೈಲಿದೆ?

2021ರ ನವೆಂಬರ್‌ನಲ್ಲಿ ಕೋಲಾರ, ಚಿಕ್ಕಬಳ್ಳಾಪುರದ ಹೊಲಗಳಲ್ಲಿ ಕೊಯ್ಲಿಗೆ ಬಂದಿದ್ದ ರಾಗಿ ನೆಲಕ್ಕೊರಗಿ ತೆನೆಯಲ್ಲೇ ಮೊಳಕೆಯೊಡೆಯಿತು. ಎಷ್ಟೋ ವರ್ಷದಿಂದ ಬತ್ತಿದ್ದ ಕೆರೆಗಳು ಕೋಡಿ ಹರಿದವು. ಆ ಮಳೆಯನ್ನು ಹೊತ್ತು ತಂದದ್ದು ಬಂಗಾಳಕೊಲ್ಲಿಯ ವಾಯುಭಾರ ಕುಸಿತ. ಕಡಲ ಮೇಲಿನ ಗಾಳಿ, ಒತ್ತಡ, ತೇವದ ಲೆಕ್ಕ ಒಂದೇ ದೇಶಕ್ಕೆ ಪೂರ್ತಿ ಸಿಗುವಂಥದ್ದಲ್ಲ. ಹಡಗು, ಉಪಗ್ರಹ, ನೆರೆಯ ದೇಶಗಳ ಕರಾವಳಿ ಠಾಣೆ, ಎಲ್ಲ ಕಡೆಯಿಂದಲೂ ಅಂಕಿ ಬರಬೇಕು.

ಈ ಕೊಡುಕೊಳ್ಳುವಿಕೆ ಹಳೆಯದು. 1873ರಲ್ಲಿ ವಿಯೆನ್ನಾದಲ್ಲಿ ಹವಾಮಾನ ತಜ್ಞರ ಅಂತರರಾಷ್ಟ್ರೀಯ ಸಮಾವೇಶ, 1875ರಲ್ಲಿ ಭಾರತದ ಹವಾಮಾನ ಇಲಾಖೆ, 1950ರಲ್ಲಿ ವಿಶ್ವ ಹವಾಮಾನ ಸಂಸ್ಥೆ. ಅಮೆರಿಕ, ಸೋವಿಯತ್ ಒಕ್ಕೂಟ ಅಣುಬಾಂಬು ಹಿಡಿದು ನಿಂತ ಕಾಲದಲ್ಲೂ ವಾಷಿಂಗ್ಟನ್, ಮಾಸ್ಕೋ ನಡುವೆ ಗಾಳಿಯ ಲೆಕ್ಕ ಓಡಾಡುತ್ತಿತ್ತು. ಇಂದಿಗೂ ಜಗತ್ತಿನ ನೂರಾರು ಠಾಣೆಗಳಿಂದ ಒಂದೇ ಹೊತ್ತಿಗೆ, ನಮ್ಮ ಗಡಿಯಾರದಲ್ಲಿ ಬೆಳಗ್ಗೆ, ಸಂಜೆ 5.30ರ ಆಸುಪಾಸು, ಹವೆ ಅಳೆಯುವ ಉಪಕರಣ ಹೊತ್ತ ಬಲೂನುಗಳು ಮೇಲೇರುತ್ತವೆ.

ಗಂಟು ಬಿದ್ದದ್ದು ದುಡ್ಡಿನ ಮಾತು ಬಂದಾಗ. ನಿಮ್ಮ ಖರ್ಚು ನೀವೇ ದುಡಿದುಕೊಳ್ಳಿ ಎಂಬ ಒತ್ತಡ ಯುರೋಪಿನ ಕೆಲವು ಹವಾಮಾನ ಸಂಸ್ಥೆಗಳ ಮೇಲೆ ಹೆಚ್ಚಿತು. ಅವು ಅಂಕಿಅಂಶ ಮಾರತೊಡಗಿದವು. ತೆರಿಗೆ ಹಣದಲ್ಲಿ ಅಳೆದದ್ದನ್ನು ಬಿಟ್ಟಿಯಾಗಿ ಕೊಡಬೇಕೆಂಬುದು ಅಮೆರಿಕದ ವಾದ. 1995ರಲ್ಲಿ ಆದ ರಾಜಿಯೇ ವಿಶ್ವ ಹವಾಮಾನ ಸಂಸ್ಥೆಯ 40ನೇ ನಿರ್ಣಯ: 'ಅತ್ಯಗತ್ಯ' ಅಂಕಿಗಳು ಎಲ್ಲರಿಗೂ ಮುಕ್ತ, 'ಹೆಚ್ಚುವರಿ' ಅಂಕಿಗಳಿಗೆ ಷರತ್ತು ಹಾಕಬಹುದು. ಒಪ್ಪಂದ ಉಳಿಯಿತು ನಿಜ, ಆದರೆ ಯಾವುದು ಹೆಚ್ಚುವರಿ ಎಂಬ ಪ್ರಶ್ನೆಯ ಮರೆಯಲ್ಲಿ ಬೀಗ ಹಾಕಲು ಜಾಗವೂ ಸಿಕ್ಕಿತು. ಆ ಜಾಗವನ್ನು ಕಿರಿದುಗೊಳಿಸಿ, ಸಾಗರ, ನದಿ, ವಾತಾವರಣದ ಅನಿಲಗಳನ್ನೂ ಸೇರಿಸಿದ ಹೊಸ ನೀತಿಗೆ ದೇಶಗಳು ಒಪ್ಪಿದ್ದು 2021ರ ಅಕ್ಟೋಬರ್‌ನಲ್ಲಿ. ನಮ್ಮ ರಾಗಿ ಮಲಗುವ ಒಂದು ತಿಂಗಳ ಮುಂಚೆ.

ಇನ್ನು ನಮ್ಮ ಮಟ್ಟದ ಕಥೆ. ಬರ ಕಂಡು ಕಂಡು ಕರ್ನಾಟಕ 1988ರಲ್ಲೇ ಬರ ಉಸ್ತುವಾರಿ ಕೋಶ ಕಟ್ಟಿತು, ದೇಶದಲ್ಲೇ ಮೊದಲು. ಅದೇ ಇಂದಿನ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಈಗ ಗ್ರಾಮ ಪಂಚಾಯಿತಿಗೊಂದು ಮಳೆಮಾಪಕ. 15 ನಿಮಿಷಕ್ಕೊಮ್ಮೆ ಲೆಕ್ಕ ಬೆಂಗಳೂರಿಗೆ ಹೋಗುತ್ತದೆ. ಇಷ್ಟು ಒತ್ತೊತ್ತಾದ ಜಾಲ ನಮ್ಮಲ್ಲಿರುವುದು ಹೆಮ್ಮೆಯ ಸಂಗತಿ, ಅನುಮಾನವೇ ಇಲ್ಲ. ಶ್ರೀನಿವಾಸಪುರದ ಮಾವಿನ ತೋಟಕ್ಕೆ ಹವಾಮಾನ ಆಧಾರಿತ ವಿಮೆಯ ದುಡ್ಡು ಬರುತ್ತದೋ ಇಲ್ಲವೋ ಎಂಬುದು ತೀರ್ಮಾನವಾಗುವುದೂ ಇಂಥ ಮಾಪಕಗಳ ಅಂಕಿಯ ಮೇಲೆಯೇ. ಪಕ್ಕದ ಹೊಲಕ್ಕೆ ಹದ ಮಳೆ, ತನ್ನ ತೋಟಕ್ಕೆ ಹನಿಯೂ ಇಲ್ಲ ಎನ್ನುವವನಿಗೆ ಆ ಅಂಕಿ ಕಣ್ಣೆದುರು ಬೇಕು, ಕೇಳಿ ಪಡೆಯುವಂತಿರಬಾರದು.

ಮಳೆಯ ದಿನ ಲೆಕ್ಕಕ್ಕೆ ಮುಗಿಯುವುದು ಬೆಳಗ್ಗೆ 8.30ಕ್ಕೆ. ಅಷ್ಟು ಹೊತ್ತಿಗೆ ಹಿಂದಿನ 24 ಗಂಟೆಯ ಮಿಲಿಮೀಟರನ್ನು ಪಂಚಾಯಿತಿ ಕಚೇರಿಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದರೂ ಸಾಕು.